ಹೆಸರು, ಕ್ಲಾಸ್, ಸೆಕ್ಷನ್

ಕಳೆದ ವರ್ಷ ಅಕ್ಟೋಬರಿನಲ್ಲಿ ತಂಗಿಯ ಮನೆಗೆಂದು ದೋಹಾಕ್ಕೆ ಹೋಗಿದ್ದೆ. ಒಂದು ಸಂಜೆ ಅವಳ ಮಗಳು ಶಾಲೆಗೆ ಕಳಿಸಬೇಕಾದ ವಿಡಿಯೋ ಮಾಡಲು ಕೂತಳು. ಫೋನನ್ನು ಬಿಸ್ಕತ್ತಿನ ಡಬ್ಬಿಗೆ ಒರಗಿಸಿ, ಜಡೆ ಮುಂದಕ್ಕೆ ಹಾಕಿಕೊಂಡು, "ದೊಡ್ಡಮ್ಮ, ಫೈವ್ ಮಿನಿಟ್ಸ್ ಏಸಿ ಆಫ್ ಮಾಡ್ತೇನೆ. ಇಲ್ಲಾಂದ್ರೆ ಸೌಂಡ್ ಬರ್ತದೆ," ಎಂದು ರಿಮೋಟ್ ಒತ್ತಿದಳು. ಗಲ್ಫಿನಲ್ಲಿ ಬದುಕಿದವರಿಗೆ ಗೊತ್ತು, ಏಸಿಗೆ ಸದ್ದಿದೆ ಎಂದು ತಿಳಿಯುವುದೇ ಅದು ನಿಂತಾಗ. ಕೋಣೆ ಒಮ್ಮೆಲೇ ಮೌನವಾಯಿತು, ಮೇಲ್ತುಟಿಯಲ್ಲಿ ಬೆವರು ಮೂಡಿತು, ನನ್ನ ಬಲಗೈ ತಾನಾಗಿಯೇ ಟೀಪಾಯಿಯ ಮೇಲೆ ಪೆನ್ನು ಹುಡುಕಿತು. ಇಪ್ಪತ್ತು ವರ್ಷ ಹಿಂದಿನ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನೌಕರಿಯ ಗುಣವೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಎರಡು ಸಾವಿರದ ಮೂರರಲ್ಲಿ ನಾನು ಇದೇ ದೋಹಾದ ಅಲ್ ಹಿಲಾಲ್‌ನಲ್ಲಿ ಒಂದು ಟಿವಿ ಸ್ಟೇಷನ್ನಿನ ಕೆಲಸಕ್ಕಿದ್ದೆ. ಟಿವಿ ಎಂದ ಕೂಡಲೇ ಕಾರ್ಕಳದಲ್ಲಿ ನನ್ನ ಅತ್ತೆ, ಸೊಸೆ ವಾರ್ತೆ ಓದುತ್ತಾಳೆ ಎಂದು ಪೇಟೆ ತುಂಬ ಹೇಳಿಕೊಂಡು ಬಂದಿದ್ದರು. ಪಾಪ, ಆ ಟಿವಿಯಲ್ಲಿ ವಾರ್ತೆಯೇ ಇರಲಿಲ್ಲ. ನಮ್ಮ ಕಡೆಯ ಪಠ್ಯ ಕಲಿಸುವ ಐದಾರು ಶಾಲೆಗಳಿಗೆ ಸೇರಿ ಒಂದು ಆಡಳಿತ ಕಚೇರಿಯಿತ್ತು. ಆ ಕಚೇರಿ ಒಂದು ಹಳೆಯ ವಿಲ್ಲಾ ಹಿಡಿದು, ಅತಿಥಿಗಳು ಕೂರುವ ಮಜ್ಲಿಸ್ ಕೋಣೆಗೆ ಕಪ್ಪು ಪರದೆ ಹೊಡೆಸಿ, ಎರಡು ಕ್ಯಾಮೆರಾ ಇಟ್ಟು, ಪಾಠಗಳನ್ನು ಕೇಬಲ್ ಮೂಲಕ ಮನೆಮನೆಗೆ ಕಳಿಸುತ್ತಿತ್ತು. ಜನ ಅದನ್ನು 'ಪಾಠದ ಟಿವಿ' ಎನ್ನುತ್ತಿದ್ದರು. ಮಕ್ಕಳು ಏನೆನ್ನುತ್ತಿದ್ದರೋ ನನ್ನ ಕಿವಿಗೆ ಬೀಳಲಿಲ್ಲ.

ಅಲ್ಲಿನ ಎರಡು ಕಿಟಕಿ ಏಸಿಗಳಿಗೆ ಟ್ರಾಕ್ಟರಿನ ಸದ್ದಿತ್ತು. ಅವು ಓಡುತ್ತಿದ್ದರೆ ಮೇಷ್ಟ್ರ ಮಾತು ಮೈಕಿಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಕಾರ್ಯಕ್ರಮ ಶುರುವಾಗುವಾಗ ಕ್ಯಾಮೆರಾದ ಶಾಜಿ, "ಏಸಿ ಬಂದ್! ಸೈಲೆನ್ಸ್! ಯಲ್ಲಾ!" ಎಂದು ಕೂಗುತ್ತಿದ್ದ. ಆಮೇಲೆ ಒಂದು ಗಂಟೆ, ತಲೆಯ ಮೇಲೆ ಆರು ದೀಪ, ಹೊರಗೆ ಮರಳುಗಾಡಿನ ಸೆಕೆ. ಅಕ್ಟೋಬರಿನಲ್ಲಿ ನಾವು ಬೆಂದ ಬಗೆಯನ್ನು ಬೆಂದವರೇ ಬಲ್ಲರು. ಬೋರ್ಡಿನ ಮುಂದೆ ನಿಲ್ಲುತ್ತಿದ್ದವರು ಲೋಬೋ ಸರ್, ಕಿನ್ನಿಗೋಳಿಯವರು, ಮೂವತ್ತು ವರ್ಷ ಗಣಿತ ಕಲಿಸಿದವರು. ಜೇಬಿನಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡು ಬರುತ್ತಿದ್ದರು, ಒಂದು ಬೋರ್ಡಿಗೆ, ಇನ್ನೊಂದು ಕುತ್ತಿಗೆಗೆ. ಅರ್ಧ ಗಂಟೆ ಕಳೆದ ಮೇಲೆ ಯಾವುದು ಯಾವುದಕ್ಕೆಂದು ಅವರಿಗೇ ಮರೆತು, ಕುತ್ತಿಗೆಯೆಲ್ಲ ಚಾಕಿನ ಪುಡಿಯಾಗುತ್ತಿತ್ತು.

ದೇಶದಲ್ಲಿ ಶುಕ್ರವಾರದ ಜೊತೆಗಿನ ಇನ್ನೊಂದು ರಜೆ ಗುರುವಾರದಿಂದ ಶನಿವಾರಕ್ಕೆ ಬದಲಾದ ವರ್ಷ ಅದು. ನಮ್ಮ 'ಡೌಟ್ ಅವರ್' ಭಾನುವಾರ, ಮಂಗಳವಾರ, ಗುರುವಾರ ಸಂಜೆ ಐದಕ್ಕೆ ನೇರವಾಗಿ ಹೋಗುತ್ತಿತ್ತು. ಮೊದಲ ಗುರುವಾರ ಐದಾದರೂ ಸರ್ ಇಲ್ಲ. ಶಾಜಿ ಖಾಲಿ ಬೋರ್ಡನ್ನೇ ನಾಲ್ಕು ನಿಮಿಷ ತೋರಿಸಿದ. ಕೊನೆಗೆ ಸರ್ ಓಡುತ್ತ ಬಂದರು, ಕೈಯಲ್ಲಿ ಅಂಜಲ್ ಮೀನಿನ ಚೀಲ. "ಎಂತ ಮಾಡುದು ಪ್ರಫುಲ್ಲಾ, ಗುರುವಾರ ಅಂದ್ರೆ ಕಾಲು ಸೀದಾ ಮೀನು ಮಾರ್ಕೆಟಿಗೇ ಹೋಗ್ತದೆ," ಎಂದರು. ಮೀನನ್ನು ನನ್ನ ಮೇಜಿನ ಕೆಳಗಿಟ್ಟು ತ್ರಿಕೋನಮಿತಿ ಶುರು ಮಾಡಿದರು. ಆ ದಿನ ಫೋನೆತ್ತಿದವಳು ನಾನು ಮೂಗು ಮುಚ್ಚಿಕೊಂಡೇ ಮಾತಾಡಿದ್ದೇನೆ.

ಹೌದು, ನನ್ನ ಕೆಲಸ ಫೋನೆತ್ತುವುದು. ಕರೆ ಬಂದರೆ ಮೂರು ಪ್ರಶ್ನೆ: ಹೆಸರು, ಕ್ಲಾಸ್, ಸೆಕ್ಷನ್. ಆಮೇಲೆ ಮಗುವಿನ ಡೌಟನ್ನು ಹಳದಿ ಚೀಟಿಯಲ್ಲಿ ಬರೆದು, ಕ್ಯಾಮೆರಾದ ಅಡಿಯಿಂದ ಬಗ್ಗಿಕೊಂಡು ಹೋಗಿ ಸರ್ ಕೈಗೆ ಕೊಡುವುದು. ಅವರು ಹೆಸರು ಓದಿ, ಬೋರ್ಡಿನ ಮೇಲೆ ಬಿಡಿಸಿ ತೋರಿಸುವುದು. ನಮ್ಮ ಶಾಲೆಗಳ ಪಟ್ಟಿಯಲ್ಲಿರುವ ಮಕ್ಕಳ ಕರೆ ಮಾತ್ರ, ಹೊರಗಿನವರದು ತೆಗೆದುಕೊಂಡರೆ ಅನುಮತಿಯೇ ರದ್ದಾದೀತು ಎಂದು ಕಚೇರಿಯ ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು. ಆ ಫೋನಿನಿಂದ ಹೊರಗೆ ಕರೆ ಮಾಡುವಂತೆಯೂ ಇರಲಿಲ್ಲ. ನನಗಿಂತ ಮೊದಲಿದ್ದವರು ಯಾರೋ ಊರಿಗೆ ಗಂಟೆಗಟ್ಟಲೆ ಮಾತಾಡಿದ್ದರಂತೆ, ಅದಕ್ಕೆ ಬಂದ ಕರೆ ಎತ್ತಲು ಮಾತ್ರ ಬಿಟ್ಟು ಉಳಿದದ್ದಕ್ಕೆ ಬೀಗ ಹಾಕಿಸಿದ್ದರು.

ನವೆಂಬರಿನ ಒಂದು ಮಂಗಳವಾರ ಕರೆ ಬಂತು. ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

"ಹಲೋ, ನೇಮ್, ಕ್ಲಾಸ್, ಸೆಕ್ಷನ್?"

"ರಜಿಯಾ. ಟೆನ್ತ್. ಸಿ." ಧ್ವನಿ ಹದಿನೈದರದ್ದಲ್ಲ. ಆಮೇಲೆ ಮೆಲ್ಲಗೆ, "ಕನ್ನಡದಲ್ಲಿ ಕೇಳ್ಬಹುದಾ ಟೀಚರೇ?"

ಆ 'ಟೀಚರೇ' ಉಳ್ಳಾಲ ಕಡೆಯದ್ದು. ನಾನು ಟೀಚರಲ್ಲ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಯಾರಾದರೂ ಹಾಗೆ ಕರೆದರೆ ಒಳಗೊಳಗೇ ಹಿಗ್ಗು. "ಕೇಳಿ," ಎಂದೆ.

"ಈ ಎಕ್ಸ್ ಉಂಟಲ್ಲ, ಇಕ್ವಲ್ ಟು ದಾಟಿ ಆಚೆ ಹೋದ್ರೆ ಪ್ಲಸ್ ಇದ್ದದ್ದು ಮೈನಸ್ ಆಗ್ತದೆ ಅಂತಾರೆ. ದಾಟುವಾಗ ಅದಕ್ಕೆ ಎಂತ ಆಗ್ತದೆ? ಇಲ್ಲಿ ಒಳ್ಳೆದಿತ್ತಲ್ಲ?"

ನಗು ಬಂತು, ಆದರೆ ಉತ್ತರ ನನಗೂ ಗೊತ್ತಿರಲಿಲ್ಲ. ಬಿ.ಕಾಂ. ಮುಗಿಸಿದವಳು ನಾನು, ಒಂದು ದಿನವೂ ಇದನ್ನು ಕೇಳಿರಲಿಲ್ಲ. ಇಂಗ್ಲಿಷಿಗೆ ತಿರುಗಿಸಿ ಚೀಟಿ ಬರೆದುಕೊಟ್ಟೆ. ಲೋಬೋ ಸರ್ ಓದಿ, ಕನ್ನಡಕ ತೆಗೆದು, ಕ್ಯಾಮೆರಾದ ಕಡೆ ನೋಡುತ್ತ ನಿಂತುಬಿಟ್ಟರು. ಆಮೇಲೆ ಬೋರ್ಡಿನ ತುಂಬ ಒಂದು ತಕ್ಕಡಿ ಬರೆದರು. ಯಾವುದೂ ದಾಟುವುದಿಲ್ಲ, ಎರಡೂ ತಟ್ಟೆಯಿಂದ ಸಮನಾಗಿ ತೆಗೆಯುತ್ತೇವೆ ಅಷ್ಟೇ, ದಾಟಿತು ಎನ್ನುವುದು ನಮ್ಮ ಸೋಮಾರಿತನದ ಮಾತು ಎಂದು ಹತ್ತು ನಿಮಿಷ ವಿವರಿಸಿದರು. "ವೆರಿ ಗುಡ್ ಕ್ವೆಶ್ಚನ್, ರಜಿಯಾ ಆಫ್ ಟೆನ್ ಸಿ," ಎಂದರು. ಬೇರೆ ಮಕ್ಕಳ ಆರು ಚೀಟಿ ಆ ದಿನ ನನ್ನ ಕೈಯಲ್ಲೇ ಉಳಿದವು.

ಅಲ್ಲಿಂದ ವಾರಕ್ಕೆ ಒಂದಾದರೂ ಕರೆ, ಎರಡನೇ ಸೀಟಿಯಾದ ಮೇಲೆ. ಸೊನ್ನೆಯಿಂದ ಭಾಗಿಸಬಾರದು ಯಾಕೆ, ಭಾಗಿಸಿದವನಿಗೆ ಎಂತ ಶಿಕ್ಷೆ? ವೃತ್ತಕ್ಕೆ ಮೂಲೆಯೇ ಇಲ್ಲದ ಮೇಲೆ ಅದರ ಒಳಗಿನ ಜಾಗವನ್ನು ಚೌಕದಲ್ಲಿ ಅಳೆಯುವುದು ಯಾವ ನ್ಯಾಯ? ಉಳಿದ ಮಕ್ಕಳು 'ಎಕ್ಸರ್‌ಸೈಜ್ ಮೂರು, ಲೆಕ್ಕ ಐದು' ಎಂದು ಹೇಳಿ ಫೋನಿಡುತ್ತಿದ್ದರು. ಈಕೆ ಮಾತ್ರ ಲೆಕ್ಕದ ಹತ್ತಿರ ಜಗಳ ಕಾಯುವವಳಂತೆ ಕೇಳುತ್ತಿದ್ದಳು. ನಾನು ಆ ಸೀಟಿಗೆ ಕಾಯತೊಡಗಿದೆ. ನನ್ನವರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಫ್ಲ್ಯಾಟಿನಲ್ಲಿ ನನಗೆ ಮಾತಿಗೆ ಸಿಗುತ್ತಿದ್ದುದು ಗೋಡೆ ಮಾತ್ರ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ವರ್ಷ ದೋಹಾದಲ್ಲಿ ನನಗಿದ್ದ ಒಬ್ಬಳೇ ಗೆಳತಿ, ಮುಖ ಕಾಣದ ಆ ಹೆಂಗಸು.

ಜನವರಿಯಲ್ಲಿ ಒಂದು ಸಂಜೆ ನಾಲ್ಕೂವರೆಗೇ ಫೋನ್ ಬಂತು.

"ಟೀಚರೇ, ಒಂದು ಹೇಳ್ಲಿಕ್ಕುಂಟು. ಬೈಬಾರದು. ನಾನು ರಜಿಯಾ ಅಲ್ಲ. ಅವಳ ಉಮ್ಮ. ಮೈಮೂನಾ ಅಂತ."

"ಅದು ಕುಕ್ಕರಿಗೂ ಗೊತ್ತುಂಟು," ಎಂದೆ.

ಆಕೆ ನಕ್ಕಳು. ನಗುತ್ತಲೇ ಎಲ್ಲ ಹೇಳಿದಳು. ಹದಿನೆಂಟು ವರ್ಷದ ಹಿಂದೆ ಊರಲ್ಲಿ ಹತ್ತನೆಯ ಕ್ಲಾಸಿನಲ್ಲಿ ಗಣಿತ ಒಂದೇ ಹೋಗಿತ್ತು. ಇನ್ನೊಮ್ಮೆ ಕಟ್ಟುವ ಮೊದಲೇ ಮದುವೆ. ಗಂಡನದು ಮುಶೈರಿಬ್‌ನ ಓಣಿಯಲ್ಲಿ ಟೈಲರ್ ಅಂಗಡಿ, ಒಳ್ಳೆಯ ಮನುಷ್ಯ. ಮಗಳ ಶಾಲೆಯ ಡೈರಿಯಲ್ಲಿ 'ತಾಯಿಯ ವಿದ್ಯಾರ್ಹತೆ' ಎಂಬ ಜಾಗವಿದೆಯಂತೆ. ಪ್ರತಿ ವರ್ಷ ಮಗಳು ಅಲ್ಲಿ ಸ್ಕೇಲ್ ಇಟ್ಟು ಒಂದು ಅಡ್ಡಗೆರೆ ಎಳೆಯುತ್ತಾಳಂತೆ.

"ಅವಳು ಎಂತ ಹೇಳುದಿಲ್ಲ ಟೀಚರೇ. ಗೆರೆ ಚಂದ ಎಳೀತಾಳೆ. ಆದ್ರೆ ನಂಗೆ ನೋಡ್ಲಿಕ್ಕಾಗುದಿಲ್ಲ. ಈ ಸಲ ಪ್ರೈವೇಟಾಗಿ ಎಲ್ಲ ಸಬ್ಜೆಕ್ಟೂ ಹೊಸದಾಗಿ ಎಕ್ಸಾಂ ಕಟ್ಟಿದ್ದೇನೆ. ಎಪ್ರಿಲಿನಲ್ಲಿ. ಇವಳ ಅಪ್ಪನಿಗೆ ಹೇಳ್ಲಿಲ್ಲ, ಫೇಲಾದ್ರೆ ಮತ್ತೆ ಮರ್ಯಾದೆ ಪ್ರಶ್ನೆ ಅಲ್ವಾ. ಪಾಸಾದ ದಿವಸ ಡೈರಿ ತೆಗೆದು ತೋರಿಸ್ತೇನೆ."

ಹೊರಗಿನವರ ಕರೆ ಇದು, ಇನ್ನು ಮಾಡಬೇಡಿ ಎನ್ನಬೇಕಿತ್ತು. "ಇವತ್ತಿನ ಡೌಟ್ ಎಂತ?" ಎಂದೆ. ಅಷ್ಟು ಸಲೀಸಾಗಿ ನಿಯಮ ಮುರಿದದ್ದು ನಾನು ಜೀವನದಲ್ಲಿ ಅದೊಂದೇ ಸಲ.

ಆದರೆ ನಮ್ಮ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಶಾಲೆಯಲ್ಲಿ ನಡೆಯುತ್ತಿತ್ತು. ನಿಜವಾದ ರಜಿಯಾಗೆ ಗಣಿತವೆಂದರೆ ಅಷ್ಟಕ್ಕಷ್ಟೇ. ಟಿವಿಯಲ್ಲಿ ಅವಳ ಹೆಸರು ಕೇಳಿಕೇಳಿ ಬೇರೆ ಟೀಚರುಗಳು ಅವಳನ್ನು ಬೋರ್ಡಿಗೆ ಕರೆಯತೊಡಗಿದರು. ಪಕ್ಕದ ಬೆಂಚಿನವರು ಹೋಂವರ್ಕ್ ಕೇಳತೊಡಗಿದರು. ಫೆಬ್ರವರಿ ಬರುವಷ್ಟರಲ್ಲಿ ಕಚೇರಿಯ ಮೇಡಂಗೆ ಒಂದು ಹುಮ್ಮಸ್ಸು ಬಂತು: ಕೊನೆಯ ಕಾರ್ಯಕ್ರಮಕ್ಕೆ ರಜಿಯಾಳನ್ನೇ ಸ್ಟುಡಿಯೋಗೆ ಕರೆಸಿ, ವರ್ಷದ ಅತ್ಯುತ್ತಮ ಡೌಟಿಗೆ ಬಹುಮಾನ ಕೊಡಿಸುವುದು.

ನನಗೆ ಎರಡು ರಾತ್ರಿ ನಿದ್ದೆಯಿಲ್ಲ. ಮೂರನೆಯ ದಿನ ಲೋಬೋ ಸರ್ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಚಹಾದಲ್ಲಿ ರಸ್ಕ್ ಅದ್ದುತ್ತಿದ್ದರು. "ಟೆನ್ ಸಿ ನನ್ನದೇ ಕ್ಲಾಸು ಮಾರಾಯ್ತಿ," ಎಂದರು. "ರಜಿಯಾಗೆ ಎಷ್ಟು ಲೆಕ್ಕ ಬರ್ತದೆ ಅಂತ ನಂಗೆ ಗೊತ್ತಿಲ್ವಾ? ಎರಡನೇ ಚೀಟಿಗೇ ಗೊತ್ತಾಯ್ತು. ಮೂವತ್ತು ವರ್ಷ ಕಲಿಸಿದ್ದೇನೆ, ಇಂಥ ಡೌಟ್ ಕೇಳಿದವರು ಮೂರು ಜನ ಇರ್ಬಹುದು. ಯಾರಾದರೆ ಎಂತ? ನೀನು ಚೀಟಿ ಕೊಡು, ಸಾಕು."

ಕೊನೆಯ ಕಾರ್ಯಕ್ರಮದ ದಿನ ರಜಿಯಾ ಬಂದಳು. ತೆಳ್ಳಗಿನ ಹುಡುಗಿ, ಇಸ್ತ್ರಿ ಮಾಡಿದ ಸ್ಕಾರ್ಫು. ನೇರ ನನ್ನ ಮೇಜಿಗೆ ಬಂದು, ಮೆಲ್ಲಗೆ, "ಆಂಟಿ, ನೀವಾ ಫೋನ್ ಆಂಟಿ? ಮಮ್ಮಿ ಟೋಲ್ಡ್ ಟು ಸೇ ಸಲಾಂ," ಎಂದಳು. ಹೆದರಿಕೆಯೇ ಎಂದು ಕೇಳಿದೆ. "ನಾನು ಲೈ ಹೇಳೂದಿಲ್ಲ ಆಂಟಿ. ಬಟ್ ಮಮ್ಮಿದು ಸೀಕ್ರೆಟ್ ಸಹ ಹೇಳೂದಿಲ್ಲ," ಎಂದಳು. ಅವಳ ಅಪ್ಪ ಅಂಗಡಿಯ ಟಿವಿಯನ್ನು ಆ ಒಂದು ಗಂಟೆಗೆ ನಮ್ಮ ಚಾನೆಲ್ಲಿಗೆ ತಿರುಗಿಸಿ, ಓಣಿಯವರನ್ನೆಲ್ಲ ಕರೆದು ಕೂರಿಸಿದ್ದರಂತೆ.

"ಏಸಿ ಬಂದ್! ಸೈಲೆನ್ಸ್!" ಶಾಜಿ ಕೂಗಿದ. ಸರ್ ಬಹುಮಾನದ ಜಾಮಿಟ್ರಿ ಬಾಕ್ಸ್ ಕೊಟ್ಟರು. ಕಚೇರಿಯ ಮೇಡಂ ಪಕ್ಕದಲ್ಲೇ ನಿಂತಿದ್ದರಿಂದ ಅವರು ಕೇಳಲೇಬೇಕಿತ್ತು: ಇಂಥ ಪ್ರಶ್ನೆಗಳು ನಿನಗೆ ಎಲ್ಲಿ ಹೊಳೆಯುತ್ತವೆ ಮಗೂ? ರಜಿಯಾ ಕ್ಯಾಮೆರಾ ನೋಡಿ, "ಇನ್ ದ ಕಿಚನ್, ಸರ್," ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಅಷ್ಟರಲ್ಲಿ ಫೋನ್ ಮಿನುಗಿತು. ಕುಕ್ಕರಿನ ಸದ್ದಿಲ್ಲ, ಅದೇ ಧ್ವನಿ. ಅಭ್ಯಾಸಬಲ, ನಾನು ಕೇಳಿಯೇಬಿಟ್ಟೆ: ಹೆಸರು, ಕ್ಲಾಸ್, ಸೆಕ್ಷನ್?

"ರಜಿಯಾ ಅಲ್ಲೇ ಉಂಟಲ್ಲ ಟೀಚರೇ, ಟಿವಿಯಲ್ಲಿ ಕಾಣ್ತದೆ. ಇನ್ನು ಯಾರ ಹೆಸರು ಹೇಳುದು?"

"ನಿಮ್ಮದೇ ಹೇಳಿ."

"ಮೈಮೂನಾ. ಟೆನ್ತ್." ಆಮೇಲೆ, "ಸೆಕ್ಷನ್ ಇಲ್ಲ ಟೀಚರೇ."

ನಾನು ಹಾಗೆಯೇ ಬರೆದುಕೊಟ್ಟೆ. ಸರ್ ಚೀಟಿ ನೋಡಿದರು, ನನ್ನನ್ನು ನೋಡಿದರು. ಗಟ್ಟಿಯಾಗಿ, "ಮೈಮೂನಾ ಆಫ್ ಕ್ಲಾಸ್ ಟೆನ್ ಆಸ್ಕ್ಸ್," ಎಂದು ಓದಿದರು. ರಜಿಯಾ ತಟ್ಟನೆ ತಲೆಯೆತ್ತಿದಳು. ಜಾಮಿಟ್ರಿ ಬಾಕ್ಸನ್ನು ಎದೆಗೆ ಒತ್ತಿಕೊಂಡಳು. ಮುಶೈರಿಬ್‌ನ ಅಂಗಡಿಯಲ್ಲಿ ಅವಳ ಅಪ್ಪನೂ ಕೇಳಿರಬೇಕು. ದೋಹಾದಲ್ಲಿ ಮೈಮೂನಾಗಳಿಗೆ ಬರವೇ ಎಂದುಕೊಂಡಿರಬೇಕು. ಆ ಸಂಜೆ ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ನನ್ನವರು ಬೇಸರ ಮಾಡಿಕೊಳ್ಳಬಾರದು.

ಸಂತೋಷಕ್ಕೆ ಆಯುಸ್ಸು ಕಡಿಮೆ. ಮಾರ್ಚಿನಲ್ಲಿ ಮೇಡಂ ಪಟ್ಟಿ ಹಿಡಿದು ಬಂದು, ಈ ಮೈಮೂನಾ ಯಾವ ಶಾಲೆಯವಳು ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ, ಒಂದು ಮೆಮೋ ಸಿಕ್ಕಿತು. ಮೇ ತಿಂಗಳಲ್ಲಿ ಇನ್ನೂ ದೊಡ್ಡ ಕಾಗದ ಬಂತು: ಮುಂದಿನ ವರ್ಷದಿಂದ ಪಾಠಗಳನ್ನು ಸಿಡಿ ಮಾಡಿ ಹಂಚುತ್ತಾರೆ, ಸ್ಟೇಷನ್ ಬೇಡ. ನನ್ನನ್ನು ಅಕ್ಕನೆಂದೇ ಕರೆಯುತ್ತಿದ್ದ ಶಾಜಿ ಕೈ ಝಾಡಿಸಿ, "ಖಲಾಸ್, ಚೇಚಿ," ಎಂದ. ಅವನಿಗೆ ಸಲಾಲಾದಲ್ಲಿ ಬೇರೆ ಕೆಲಸ ಸಿಕ್ಕಿತು. ಲೋಬೋ ಸರ್ ನಿವೃತ್ತರಾಗಿ ಊರಿಗೆ ಹೋದರು. ನನ್ನವರ ಕಾಂಟ್ರಾಕ್ಟೂ ಮುಗಿಯುತ್ತಿತ್ತು. ಜೂನಿನಲ್ಲಿ ಆ ವಿಲ್ಲಾದಲ್ಲಿ ನಾನೊಬ್ಬಳೇ, ಸ್ಟ್ಯಾಂಡು ವೈರುಗಳನ್ನು ಪಟ್ಟಿ ಮಾಡಿ ಕಚೇರಿಗೆ ಒಪ್ಪಿಸುವ ಕೆಲಸ. ಫೋನಿನ ಬಾಡಿಗೆ ತಿಂಗಳ ಕೊನೆಯವರೆಗೆ ಕಟ್ಟಿದ್ದರಿಂದ ಅದೊಂದು ಜೀವ ಹಿಡಿದುಕೊಂಡಿತ್ತು. ಸುಳ್ಳೇಕೆ, ನಾನು ಆ ಪಟ್ಟಿಯನ್ನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಫಲಿತಾಂಶ ಬರುವ ದಿನಗಳು ಅವು.

ಕೊನೆಗೂ ರಿಂಗಾಯಿತು. ಬೋರ್ಡಿನ ಮೇಲಿನ ಧೂಳು ಒರೆಸುತ್ತಿದ್ದವಳು ಓಡಿದೆ.

"ಟೀಚರೇ, ಮೂವತ್ತೊಂದು."

ಪಾಸಿಗೆ ಮೂವತ್ತಮೂರು ಬೇಕು.

"ನೀವು ಬೇಜಾರು ಮಾಡ್ಬೇಡಿ," ಎಂದು ಆಕೆಯೇ ನನ್ನನ್ನು ಸಮಾಧಾನ ಮಾಡಿದಳು. "ಉಳಿದದ್ದೆಲ್ಲ ಪಾಸು. ಇದೊಂದು ಮುಂದಿನ ಸಲ ಕಟ್ಟುದು. ನಾನೇ ಮರ್ಲು ಮಾಡಿದ್ದು. ತಾಯಿ ಮಗಳ ವಯಸ್ಸಿನ ಲೆಕ್ಕ ಬಂದಿತ್ತು. ತಾಯಿಯ ವಯಸ್ಸು ಮಗಳ ಮೂರರಷ್ಟಕ್ಕಿಂತ ಎರಡು ಕಮ್ಮಿ, ಇಬ್ಬರದ್ದು ಸೇರಿದ್ರೆ ಐವತ್ತು, ತಾಯಿಗೆ ಎಷ್ಟು ಅಂತ. ತಕ್ಕಡಿ ಹಾಕಿ ಎಲ್ಲ ಸರಿ ಮಾಡಿದೆ. ಮಗಳಿಗೆ ಹದಿಮೂರು ಬಂತು. ಖುಷಿಯಲ್ಲಿ ಅಡಿಗೆರೆ ಹಾಕಿ ಬಿಟ್ಟುಬಿಟ್ಟೆ. ತಾಯಿಯದ್ದು ಬರೀಲಿಕ್ಕೇ ಮರೆತೆ."

ಆಕೆ ನಗಲು ನೋಡಿದಳು, ಆಗಲಿಲ್ಲ.

"ಅದಕ್ಕೆ ಸೊನ್ನೆ ಕೊಟ್ಟಿರ್ಬಹುದಾ ಅಂತ ನನ್ನ ಡೌಟು. ಸ್ಟೆಪ್ಸಿಗೆ ಮಾರ್ಕ್ಸ್ ಉಂಟು, ಅರ್ಧಕ್ಕೆ ಬಿಡ್ಬೇಡಿ ಅಂತ ಸರ್ ಯಾವಾಗ್ಲೂ ಹೇಳ್ತಿದ್ರಲ್ಲ? ಪೇಪರ್ ಇನ್ನೊಮ್ಮೆ ನೋಡಿ ಅಂತ ಅರ್ಜಿ ಹಾಕ್ಬಹುದಂತೆ. ಹಾಕಿದ್ರೆ ಪ್ರಯೋಜನ ಉಂಟಾ? ಸರ್ ಹತ್ರ ಒಂದು ಕೇಳ್ತೀರಾ? ಮುಂದಿನ ವರ್ಷದ್ದು ಯಾವಾಗ ಶುರು ಟೀಚರೇ?"

ಎದುರಿಗೆ ಪರದೆ ಕಿತ್ತ ಗೋಡೆ. ದೀಪಗಳನ್ನು ಕಳಚಿ ಪೆಟ್ಟಿಗೆಗೆ ತುಂಬಿಸಿ ಆಗಿತ್ತು. ಸ್ಟೇಷನ್ ಮುಚ್ಚಿತು ಎಂಬ ಎರಡು ಪದ ಹೇಳಬೇಕಿತ್ತು ನಾನು. ಎರಡು ಮಾರ್ಕಿನಲ್ಲಿ ಬಿದ್ದವಳಿಗೆ ಅದನ್ನೂ ಹೇಳುವ ಧೈರ್ಯ ಬರಲಿಲ್ಲ.

"ಸೆಪ್ಟೆಂಬರಿನಲ್ಲಿ," ಎಂದೆ.

"ಸರ್ ಇರ್ತಾರಲ್ಲ?"

"ಇರ್ತಾರೆ. ಕೇಳಿ ಹೇಳ್ತೇನೆ."

"ಹಾಗಾದ್ರೆ ಅಷ್ಟರವರೆಗೆ ಅರ್ಜಿ ಎಲ್ಲ ಬೇಡ. ಪ್ರಯೋಜನ ಉಂಟು ಅಂತ ಸರ್ ಹೇಳಿದ್ರೆ ಮತ್ತೆ ನೋಡುವ. ಬರ್ಕೊಂಡ್ರಾ?"

"ಬರ್ಕೊಂಡೆ."

ಫೋನಿಟ್ಟ ಮೇಲೆ ನನಗೆ ಬುದ್ಧಿ ಬಂತು. ಇಂಥ ಅರ್ಜಿಗೆ ಫಲಿತಾಂಶ ಬಂದ ತಿಂಗಳೊಳಗೇ ಗಡುವು, ನಾನು ಹೇಳಿದ್ದು ಸೆಪ್ಟೆಂಬರ್. ತಿರುಗಿ ಕರೆಯೋಣವೆಂದರೆ ಆ ಫೋನಿಗೆ ಹೊರಗಿನ ದಾರಿಯೇ ಇಲ್ಲ, ಅವಳ ನಂಬರ್ ನಾನು ಒಂದು ದಿನವೂ ಕೇಳಿಲ್ಲ. ಇನ್ನೊಮ್ಮೆ ಮಾಡಿಯಾಳು ಎಂದು ತಿಂಗಳ ಕೊನೆಯವರೆಗೂ ಅಲ್ಲೇ ಕೂತೆ. ಅವಳೇಕೆ ಮಾಡುತ್ತಾಳೆ, ಅವಳಿಗೆ ಉತ್ತರ ಸೆಪ್ಟೆಂಬರಿಗೆ ಸಿಗಲಿಕ್ಕಿತ್ತಲ್ಲ. ಶಾಲೆಗೆ ಹೋಗಿ ವಿಳಾಸ ಕೇಳಬಹುದಿತ್ತು. ಮುಶೈರಿಬ್‌ನ ಓಣಿಗಳಲ್ಲಿ ಉಳ್ಳಾಲದ ಟೈಲರ್ ಯಾರೆಂದು ವಿಚಾರಿಸಬಹುದಿತ್ತು. ಶಾಲೆಗೆ ರಜೆ, ಮೆಮೋ ಕೊಟ್ಟ ಮೇಡಂ ಮುಂದೆ ಹೇಗೆ ನಿಲ್ಲುವುದು, ಗಂಡನಿಗೆ ಗುಟ್ಟು ಗೊತ್ತಾದೀತು, ಪೆಟ್ಟಿಗೆ ಕಟ್ಟುವುದಿದೆ ಎಂದು ನನಗೆ ನಾನೇ ನೂರು ನೆಪ ಹೇಳಿಕೊಂಡೆ. ಜುಲೈನಲ್ಲಿ ವಿಮಾನ ಹತ್ತಿದೆ. ಅವಳ ಡೌಟು ಬರೆದುಕೊಂಡ ಹಳದಿ ಚೀಟಿ ಪರ್ಸಿನಲ್ಲಿತ್ತು.

ಆ ಸೆಪ್ಟೆಂಬರಿನಲ್ಲಿ ಕಾರ್ಕಳದಲ್ಲಿ ಭಾನುವಾರ, ಮಂಗಳವಾರ, ಗುರುವಾರ ಸಂಜೆ ಏಳೂವರೆಗೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಲ್ಲಿ ಐದು ಗಂಟೆ. ಕುಕ್ಕರ್ ಇಟ್ಟು, ನೋಟ್ ಪುಸ್ತಕ ಬಿಡಿಸಿ, ಟಿವಿ ಹಾಕಿಕೊಂಡು ಕೂತಿರುತ್ತಾಳೆ. ಚುಕ್ಕಿ ಚುಕ್ಕಿ ಬರುವ ಪರದೆಯನ್ನು ಎಷ್ಟು ದಿನ ನೋಡಿದಳೋ. ತಡೆಯಲಾರದೆ ಒಂದು ದಿನ ಬಸ್ಸು ಹತ್ತಿ ಕಿನ್ನಿಗೋಳಿಗೆ ಹೋದೆ. ಲೋಬೋ ಸರ್ ಅಂಗಳದಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಚೀಟಿ ಓದಿ ಎದ್ದು ಒಳಗೆ ಹೋದರು, ಪೆನ್ನು ಹಿಡಿದುಕೊಂಡು ಬಂದರು. ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಬರೆದು, ಪ್ರತಿ ಹೆಜ್ಜೆಯ ಪಕ್ಕ ಮಾರ್ಕು ಹಾಕಿ ಕೂಡಿಸಿದರು.

"ಐದರಲ್ಲಿ ಮೂರು ಕಣ್ಣು ಮುಚ್ಚಿ ಕೊಡ್ಬೇಕು," ಎಂದರು. "ಸೊನ್ನೆ ಕೊಟ್ಟಿದ್ರೆ ಅದು ತಪ್ಪು. ಅರ್ಜಿ ಹಾಕಿದ್ದಾಳಲ್ಲ?"

ನಾನು ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡೆ. ಅವರು ಮಲ್ಲಿಗೆಯ ಕಡೆ ತಿರುಗಿದರು.

ಕಳೆದ ವರ್ಷ ತಂಗಿಯನ್ನು ಕರೆದುಕೊಂಡು ಅಲ್ ಹಿಲಾಲ್‌ಗೆ ಹೋದೆ. ವಿಲ್ಲಾ ಇದ್ದಲ್ಲಿ ಹಲ್ಲಿನ ಕ್ಲಿನಿಕ್ ಇದೆ. ಮುಶೈರಿಬ್‌ಗೂ ಹೋದೆ. ಹಳೆಯ ಓಣಿಗಳೆಲ್ಲ ಹೋಗಿ ತಣ್ಣಗಿನ ಕಲ್ಲು ಹಾಸಿದ ಬೀದಿಗಳು, ಟ್ರಾಮು, ಕಾಫಿ ಅಂಗಡಿಗಳು. ಉಳ್ಳಾಲದ ಟೈಲರ್ ಒಬ್ಬರಿದ್ದರಲ್ಲ ಎಂದು ಒಬ್ಬ ಸೆಕ್ಯುರಿಟಿಯವನನ್ನು ಕೇಳಿದೆ. ಅವನು ತೊಟ್ಟಿಲಲ್ಲಿದ್ದಾಗಿನ ಮಾತು ಅದು. "ಮಾಫಿ, ಮೇಡಂ," ಎಂದು, ಇಲ್ಲವೆಂಬಂತೆ ತಲೆಯಾಡಿಸಿದ.

"ದೊಡ್ಡಮ್ಮ, ಓವರ್! ಇನ್ನು ಮಾತಾಡ್ಬಹುದು," ಎಂದು, ವಿಡಿಯೋ ಮಾಡಿದ ಆ ಸಂಜೆ ತಂಗಿಯ ಮಗಳು ಏಸಿ ಹಾಕಿದಳು. ತಣ್ಣನೆಯ ಗಾಳಿ ಬಂತು, ಆ ಸದ್ದು ಮತ್ತೆ ಕಿವಿಗೆ ಕೇಳದಂತಾಯಿತು. ನಾನು ಪರ್ಸಿನಿಂದ ಚೀಟಿ ತೆಗೆದೆ. ಒಂದು ಬದಿಗೆ ನನ್ನ ಅಕ್ಷರ: ಮೈಮೂನಾ, ಟೆನ್ತ್, ಸೆಕ್ಷನ್ನಿನ ಜಾಗ ಖಾಲಿ, ಕೆಳಗೆ ಅವಳ ಡೌಟು. ಹಿಂಬದಿಗೆ ಸರ್ ಅಕ್ಷರ, ಕೊನೆಯ ಸಾಲು ಪೂರ್ತಿ ಮಾಡಿ ಎರಡು ಅಡಿಗೆರೆ ಎಳೆದಿದ್ದಾರೆ: ತಾಯಿಯ ವಯಸ್ಸು ಮೂವತ್ತೇಳು.

"ಅದೆಂತ ದೊಡ್ಡಮ್ಮ?" ಎಂದು ಹುಡುಗಿ ಕೇಳಿದಳು.

"ಒಬ್ಬರಿಗೆ ಕೊಡ್ಲಿಕ್ಕಿತ್ತು," ಎಂದೆ.